ಒಂಟಿ ಸೀಟಿನ ಚೆಲುವು

2018ರ ನವೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಮೋಟಾರ್‌ಸೈಕಲ್ ಮೇಳದಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಒಂದು ಬೈಕನ್ನು ತಂದು ನಿಲ್ಲಿಸಿತು. ಹೆಸರು ಕಾನ್ಸೆಪ್ಟ್ ಕೆಎಕ್ಸ್. ಕಡುಹಸಿರಿನಿಂದ ಕಪ್ಪಿಗೆ ಇಳಿಯುವ ಬಣ್ಣ, ನೆಲಕ್ಕೆ ತಗ್ಗಿದ ಮೈ, ಮುಂಚಕ್ರವನ್ನು ಹಿಡಿದಿಡುವ ಹಳೆಯ ಕಾಲದ ಗರ್ಡರ್ ಫೋರ್ಕ್, ನಡುವೆ 838 ಸಿಸಿಯ ವಿ-ಟ್ವಿನ್ ಎಂಜಿನ್, ಅದರ ಹಿಂದೆ ಯಾವ ಆಧಾರವೂ ಇಲ್ಲದೆ ತೇಲಿದಂತೆ ಕಾಣುವ ಒಂದೇ ಒಂದು ಸೀಟು. ಬ್ರಿಟನ್ ಮತ್ತು ಭಾರತದ ವಿನ್ಯಾಸಕಾರರು ಕೂಡಿ ಸುಮಾರು ಆರು ತಿಂಗಳಲ್ಲಿ ಇದನ್ನು ಕಟ್ಟಿದ್ದರು. 1938ರ ಹೊತ್ತಿಗೆ ಇಂಗ್ಲೆಂಡಿನ ರೆಡಿಚ್ ಊರಿನಲ್ಲಿ ಇದೇ ಕಂಪನಿ ತಯಾರಿಸುತ್ತಿದ್ದ ಕೆಎಕ್ಸ್ ಎಂಬ 1140 ಸಿಸಿಯ ದೊಡ್ಡ ಬೈಕಿಗೆ ಇದು ಸಲ್ಲಿಸಿದ ಗೌರವ. ಮಾರುವ ಉದ್ದೇಶವಿಲ್ಲ, ಇದು ವಿನ್ಯಾಸದ ಅಭ್ಯಾಸ ಮಾತ್ರ ಎಂದು ಕಂಪನಿ ಹೇಳಿಯೇ ಇಟ್ಟಿತ್ತು.

ನೋಡಿದವರಿಗೆ ಆ ಮಾತು ಕೇಳಿಸಲೇ ಇಲ್ಲ. ಹೀಗೇ ತಯಾರಿಸಿ, ಒಂದು ಬೋಲ್ಟನ್ನೂ ಬದಲಿಸಬೇಡಿ ಎಂದವರು ಬಹಳ. ಇಷ್ಟು ವರ್ಷ ಹಳೆಯ ಬುಲೆಟ್ಟನ್ನೇ ತಿದ್ದಿ ತೀಡಿ ಮಾರಿದವರ ಕೈಯಲ್ಲಿ ಇಂಥ ಕಲೆ ಇತ್ತೇ ಎಂದು ಬೆರಗಾದವರೂ ಇದ್ದರು. ಗರ್ಡರ್ ಫೋರ್ಕ್ ಈ ಕಾಲಕ್ಕೆ ಬರೀ ಸೋಗು ಎಂದು ಕೆಲವರು, ಸೋಗಾದರೂ ಚೆಂದದ ಸೋಗು ಎಂದು ಕೆಲವರು ವಾದಿಸಿದರು. ನಮ್ಮ ಕಡೆಯ ಮನೆಗಳಲ್ಲಿ ಆ ಚಿತ್ರವನ್ನು ಯಾರಾದರೂ ತೋರಿಸಿದ್ದರೆ ಮೊದಲು ಬರುತ್ತಿದ್ದ ಪ್ರಶ್ನೆ ಬೇರೆಯೇ: "ಚೆನ್ನಾಗೇನೋ ಇದೆ, ಹಿಂದೆ ಕೂರೋದು ಎಲ್ಲಿ?"

ಈ ಪ್ರಶ್ನೆಯನ್ನು ಬೈಕಿನ ಅಭಿಮಾನಿಗಳು ಅರಸಿಕರ ಪ್ರಶ್ನೆ ಎಂದು ತಳ್ಳಿಬಿಡುತ್ತಾರೆ. ನನಗೆ ಅದು ಆ ಬೈಕಿನ ಬಗ್ಗೆ ಕೇಳಬಹುದಾದ ಅತ್ಯಂತ ಆಳವಾದ ಪ್ರಶ್ನೆಯಾಗಿ ಕಾಣುತ್ತದೆ.

ಇಂಥ ಯಾವುದಾದರೂ ಕಾನ್ಸೆಪ್ಟ್ ಬೈಕಿನ, ಎಂದರೆ ಮಾರಲೆಂದಲ್ಲದೆ ಮೇಳದಲ್ಲಿ ತೋರಿಸಲೆಂದು ಕಟ್ಟಿದ ಬೈಕಿನ ಚಿತ್ರವನ್ನು ತೆಗೆದುಕೊಂಡು, ರಸ್ತೆಯಲ್ಲಿ ಓಡುವ ಬೈಕಿನ ಪಕ್ಕದಲ್ಲಿಟ್ಟು, ಯಾವುದು ಇಲ್ಲ ಎಂದು ಒಂದೊಂದಾಗಿ ನೋಡುತ್ತ ಹೋಗಿ. ಹಿಂದಿನ ಸೀಟು ಇಲ್ಲ. ಹಿಂದೆ ಕೂತವರು ಕಾಲಿಡುವ ಫುಟ್‌ರೆಸ್ಟ್ ಇಲ್ಲ, ಹಿಡಿದುಕೊಳ್ಳುವ ಹಿಡಿ ಇಲ್ಲ. ಎಷ್ಟೋ ಸಲ ಕನ್ನಡಿ ಇರುವುದಿಲ್ಲ, ಇಂಡಿಕೇಟರ್ ಇರುವುದಿಲ್ಲ. ಮಡ್‌ಗಾರ್ಡ್ ಇದ್ದರೂ ಅಂಗೈಯಗಲ. ನಂಬರ್ ಪ್ಲೇಟಿನ ಜಾಗ ಖಾಲಿ. ಈಗ ಉಳಿದದ್ದನ್ನು ನೋಡಿ: ಎಂಜಿನ್, ಟ್ಯಾಂಕ್, ಚಕ್ರ, ಹ್ಯಾಂಡಲ್, ಒಬ್ಬನ ಸೀಟು. ಉಳಿದದ್ದೆಲ್ಲ ಓಡಿಸುವವನದು. ಬಿಟ್ಟುಹೋದದ್ದು ಹೆಚ್ಚುಕಡಿಮೆ ಎಲ್ಲವೂ ಇನ್ನೊಬ್ಬರಿಗೆ ಸೇರಿದ್ದು. ಕನ್ನಡಿಯಿರುವುದು ಹಿಂದೆ ಬರುವವನೂ ಒಬ್ಬನಿದ್ದಾನೆ ಎಂದು ನೆನಪಿಸಲು. ಇಂಡಿಕೇಟರ್ ಎಂದರೆ ನಾನು ತಿರುಗುತ್ತೇನೆ, ನೀನು ಜೋಪಾನ ಎಂದು ಅಪರಿಚಿತನಿಗೆ ಹೇಳುವ ಮಾತು. ಹಿಂದಿನ ಮಡ್‌ಗಾರ್ಡ್ ಕೆಸರನ್ನು ಹಿಂದಿನವನ ಮುಖಕ್ಕೆ ಎರಚದಂತೆ ತಡೆಯುತ್ತದೆ. ನಂಬರ್ ಪ್ಲೇಟ್ ಇದ್ದರೆ, ಏನಾದರೂ ಆದಲ್ಲಿ ನನ್ನನ್ನು ಹುಡುಕಿ ಕೇಳಬಹುದು ಎಂದು ಊರಿಗೆ ಒಪ್ಪಿಕೊಂಡಂತೆ. ಮನೆ ಕಟ್ಟಿಸುವವರು ತೋರಿಸುವ ಬಣ್ಣದ ಚಿತ್ರದಲ್ಲಿ ಬಟ್ಟೆ ಒಣಹಾಕುವ ಹಗ್ಗ ಇರುವುದಿಲ್ಲವಲ್ಲ, ಹಾಗೆ ಇಲ್ಲಿಯೂ ಬದುಕಿನ ಜೊತೆಗಾರರನ್ನೆಲ್ಲ ಅಳಿಸಿದ ಮೇಲೆಯೇ ರೇಖೆ ನುಣುಪಾಗಿದೆ.

ವಿನ್ಯಾಸಕಾರರು ಕೇಡಿಗರು ಎಂದು ನಾನು ಹೇಳುತ್ತಿಲ್ಲ. ಅವರು ಆಕಾರದ ಮೂಲವನ್ನು ಹುಡುಕುತ್ತಿರುತ್ತಾರೆ, ಅದಕ್ಕಾಗಿ ತೆಗೆಯಬಹುದಾದದ್ದನ್ನೆಲ್ಲ ತೆಗೆಯುತ್ತಾರೆ. ಆ ಹುಡುಕಾಟಕ್ಕೆ ಬೆಲೆಯಿದೆ. ಆದರೆ ಚೆಲುವು ಬೇಕೆಂದಾಗ ಕೈ ಮೊದಲು ಯಾವುದನ್ನು ಕಿತ್ತುಹಾಕುತ್ತದೆ ಎಂಬುದರಲ್ಲಿ ಒಂದು ಕಾಲದ ಮನಸ್ಸು ಕಾಣುತ್ತದೆ. ನಮ್ಮ ಕಾಲದ ಕೈ ಮೊದಲು ಜೊತೆಗಿರುವವರನ್ನು ತೆಗೆಯುತ್ತಿದೆ. ತೆಗೆದದ್ದನ್ನು ಕಂಡು ನಾವು ಆಹಾ ಎನ್ನುತ್ತಿದ್ದೇವೆ.

ಹಳೆಯ ಕಾಲದ ಚಹರೆಯ ಬೈಕುಗಳಲ್ಲಿ ಇದು ಇನ್ನಷ್ಟು ಕಾಡುತ್ತದೆ. ಏಕೆಂದರೆ ಅವು ಯಾವ ಹಳೆಯದನ್ನು ನೆನೆಯುತ್ತಿವೆಯೋ ಆ ಹಳೆಯದು ಹೀಗಿರಲಿಲ್ಲ. 1938ರ ಕೆಎಕ್ಸ್ ಕಂಪನಿಯ ಅತ್ಯಂತ ಐಷಾರಾಮಿ ಮಾದರಿ, ನಿಜ. ಆದರೆ ಅಷ್ಟು ದೊಡ್ಡ ಸೈಡ್ ವಾಲ್ವ್ ಎಂಜಿನ್ನನ್ನು ಆ ಕಾಲದಲ್ಲಿ ಬೈಕಿಗೆ ಕೂರಿಸುತ್ತಿದ್ದದ್ದು ಹೆಚ್ಚಾಗಿ ಸೈಡ್ ಕಾರ್ ಎಳೆಯಲಿ ಎಂದು. ಕಾರು ಕೊಳ್ಳುವ ಶಕ್ತಿಯಿಲ್ಲದ ಮನುಷ್ಯ ಹೆಂಡತಿಯನ್ನೂ ಮಗುವನ್ನೂ ಪಕ್ಕದ ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಭಾನುವಾರ ಸಮುದ್ರ ತೀರಕ್ಕೆ ಹೋಗಿಬರಲು ನಿಧಾನಕ್ಕೆ, ಬಲವಾಗಿ ಎಳೆಯುವ ಎಂಜಿನ್ ಬೇಕಿತ್ತು. ಆ ಎಂಜಿನ್ನಿನ ಗಾತ್ರದಲ್ಲಿಯೇ ಒಂದು ಸಂಸಾರದ ತೂಕವಿತ್ತು. ಎಂಬತ್ತು ವರ್ಷಗಳ ನಂತರ ಮಿಲಾನಿಗೆ ಬಂದ ಅದರ ನೆನಪಿನಲ್ಲಿ ಎಂಜಿನ್ನಿನ ಗತ್ತು ಉಳಿಯಿತು, ಗರ್ಡರ್ ಉಳಿಯಿತು, ಹೆಸರಿನ ಎರಡು ಅಕ್ಷರ ಉಳಿದವು. ಹೆಂಡತಿ ಮಗು ಉಳಿಯಲಿಲ್ಲ.

ನೆನಪು ಹೀಗೆ ಆರಿಸಿಕೊಳ್ಳುವಾಗ ನಾವು ಎಚ್ಚರವಾಗಬೇಕು. ಹಳೆಯದನ್ನು ಪ್ರೀತಿಸುತ್ತೇವೆ ಎನ್ನುವವರು ಹಳೆಯದರ ಯಾವ ಭಾಗವನ್ನು ಪ್ರೀತಿಸುತ್ತಿದ್ದೇವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಜ್ಜನ ಮೀಸೆ ಬೇಕು, ಅಜ್ಜ ಹೊತ್ತ ಹೊರೆ ಬೇಡ ಎಂದಾದರೆ ಅದು ಅಜ್ಜನ ನೆನಪಲ್ಲ.

ಇದರ ಜೊತೆಗೆ ಹಳೆಯ ಕಾಲಕ್ಕೆ ಇಲ್ಲದ ಪುಣ್ಯವನ್ನು ಕಟ್ಟುವುದೂ ನನಗೆ ಬೇಕಿಲ್ಲ. ಎಷ್ಟೋ ಹಳೆಯ ಬುಲೆಟ್ಟುಗಳಿಗೆ ಇಂಡಿಕೇಟರ್ ಇರಲಿಲ್ಲ. ತಿರುಗುವಾಗ ಸವಾರ ಕೈ ಚಾಚುತ್ತಿದ್ದ. ಟೂ ಸ್ಟ್ರೋಕ್ ಬೈಕುಗಳು ಹಿಂದಿನವರಿಗೆ ಹೊಗೆ ಕುಡಿಸುತ್ತಿದ್ದವು. ಆಳವಾದ ಮಡ್‌ಗಾರ್ಡ್ ಇದ್ದದ್ದು ರಸ್ತೆ ಕೆಸರಾಗಿದ್ದರಿಂದ, ಉದ್ದನೆಯ ಸೀಟು ಇದ್ದದ್ದು ಮನೆಯಲ್ಲಿ ಇನ್ನೊಂದು ವಾಹನ ಇರಲಿಲ್ಲವಾದ್ದರಿಂದ. ತಯಾರಕರು ಸಂತರಾಗಿರಲಿಲ್ಲ, ಅಗತ್ಯಕ್ಕೆ ತಲೆಬಾಗಿದ್ದರು ಅಷ್ಟೆ. ಆದರೆ ಅಗತ್ಯಕ್ಕೆ ತಲೆಬಾಗಿ ಮಾಡಿದ ವಸ್ತುವಿನಲ್ಲಿ ಇನ್ನೊಬ್ಬರಿಗೆ ತಾನಾಗಿ ಜಾಗ ಸಿಕ್ಕಿತ್ತು. ನಮ್ಮ ಅಪ್ಪಂದಿರ ಬೈಕುಗಳನ್ನು ನೆನೆದು ಕಣ್ಣು ಒದ್ದೆಯಾಗುವುದಿದ್ದರೆ, ಆ ಜಾಗದಲ್ಲಿ ನಾವು ಕೂತಿದ್ದೆವು ಎಂಬ ಕಾರಣಕ್ಕೆ ಅಲ್ಲವೇ? ಟ್ಯಾಂಕಿನ ಮೇಲೆ, ಅಪ್ಪನ ಎರಡು ತೋಳುಗಳ ನಡುವೆ ಕೂತು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಹೋದ ಮಕ್ಕಳೇ ಇವತ್ತು ಹಳೆಯ ಚಹರೆಯ ಬೈಕುಗಳಿಗೆ ದುಡ್ಡು ಕೊಡುತ್ತಿರುವವರು.

ಮೈಸೂರಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆ ಒಂದು ಊರಿಗೇ ಸಂಬಳ, ಶಬ್ದ, ಹೆಮ್ಮೆ ಎಲ್ಲವನ್ನೂ ಕೊಟ್ಟಿತ್ತು. ಜೆಕೊಸ್ಲೊವಾಕಿಯಾದ ವಿನ್ಯಾಸ, ಮೈಸೂರಿನ ಕೈಗಳು. ಆ ಜಾವಾದಲ್ಲಿ, ಮುಂದೆ ಯೆಜ್ಡಿಯಲ್ಲಿ, ಚೈನನ್ನು ಪೂರ್ತಿ ಮುಚ್ಚುವ ಕವಚವಿತ್ತು. ಚೈನಿಗೆ ಧೂಳು ಹತ್ತುತ್ತಿರಲಿಲ್ಲ, ಚೈನಿನ ಎಣ್ಣೆ ಪಂಚೆಗೂ ಸೀರೆಗೂ ಹತ್ತುತ್ತಿರಲಿಲ್ಲ. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರ್ ಲಿವರ್ ಆಗುತ್ತಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಎಡಕ್ಕೊಂದು ಬಲಕ್ಕೊಂದು. ಇದರಲ್ಲಿ ಕೆಲವು ಅಗತ್ಯದಿಂದ ಬಂದವು, ಕೆಲವು ಚೆಲುವಿನಿಂದ. ಯಾವುದು ಯಾವುದರಿಂದ ಎಂದು ಬಿಡಿಸಲಾಗದಷ್ಟು ಅವು ಬೆರೆತಿದ್ದವು. ಆ ಚೈನ್ ಕವಚವನ್ನು ಯಾರೂ ವಿಕಾರ ಎನ್ನಲಿಲ್ಲ. ಇನ್ನೊಬ್ಬರ ಬಟ್ಟೆಯನ್ನು ಕಾಯುವ ಭಾಗವೂ ಚೆಲುವಾಗಿ ಇರಬಹುದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಮಿಲಾನಿನ ಮೇಳ ಮುಗಿದ ಕೆಲವೇ ದಿನಗಳಲ್ಲಿ, 2018ರ ನವೆಂಬರ್ 15ರಂದು, ಮುಂಬಯಿಯಲ್ಲಿ ಜಾವಾ ಹೆಸರು ಮರಳಿ ಬಂತು. ಎರಡು ಸೈಲೆನ್ಸರ್, ದುಂಡು ಟ್ಯಾಂಕು, ಆ ಕೆಂಪು, ಆ ಕ್ರೋಮು. ಅಂದು ತೋರಿಸಿದ ಬೈಕುಗಳಲ್ಲಿ ಪೆರಾಕ್ ಎಂಬುದು ಒಂದು. 1946ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕಾಣಿಸಿಕೊಂಡ ಜಾವಾದ ಹೆಸರು ಅದಕ್ಕೆ. ಅದರ ಸೀಟು ಒಬ್ಬನದೇ. ಮರುವರ್ಷ ಮಾರುಕಟ್ಟೆಗೆ ಬಂದಾಗಲೂ ಒಬ್ಬನದೇ ಆಗಿ ಉಳಿಯಿತು. ಅದು ಕೊಳ್ಳುವವನ ಇಷ್ಟ, ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಪ್ರತಿ ಜುಲೈಯಲ್ಲಿ ಜಾವಾ ಯೆಜ್ಡಿ ದಿನವೆಂದು ಹಳೆಯ ಗಾಡಿಗಳನ್ನು ಉಜ್ಜಿ ಮೆರವಣಿಗೆ ತೆಗೆಯುವವರನ್ನು ನೋಡಿ. ಆ ಗಾಡಿಗಳ ಉದ್ದ ಸೀಟಿನ ಮೇಲೆ ಹೆಂಡತಿಯೋ ಮಗಳೋ ಅಪ್ಪನೋ ಕೂತಿರುತ್ತಾರೆ.

ಸೀರೆ ಗಾರ್ಡಿನ ಮಾತನ್ನು ನಾನು ಬೇಕೆಂದೇ ಇಷ್ಟು ಹೊತ್ತು ತಡೆದಿಟ್ಟಿದ್ದೆ. ಭಾರತದಲ್ಲಿ ಮಾರುವ ಬೈಕುಗಳ ಎಡಬದಿಗೆ, ಹಿಂಚಕ್ರದ ಪಕ್ಕ, ಕಂಬಿಗಳ ಒಂದು ಚೌಕಟ್ಟು ಇರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂರುವವರಿಗೆ ಹಿಡಿಯಲು ಹಿಡಿ, ಕಾಲಿಡಲು ಜಾಗ, ಮತ್ತು ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಾಗದ ಭಾಗವನ್ನು ಮುಚ್ಚುವ ರಕ್ಷಣೆ ಇರಲೇಬೇಕು ಎನ್ನುತ್ತದೆ. ಆ ಒಂದು ವಾಕ್ಯದ ಹಿಂದೆ ಎಷ್ಟು ಸೆರಗುಗಳಿವೆಯೋ. ಪಕ್ಕಕ್ಕೆ ತಿರುಗಿ ಕೂತ ಹೆಂಗಸಿನ ಸೆರಗು, ಹುಡುಗಿಯ ದುಪ್ಪಟ್ಟ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಎಂದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರನ್ನು ಕೇಳಬೇಕು. ಆ ಕಂಬಿಗಳನ್ನು ಸರ್ಕಾರದ ಗೊಡವೆಯೆಂದೋ ಅಲಂಕಾರಕ್ಕೆ ಅಡ್ಡಿಯೆಂದೋ ನೋಡುವವರು ಅವುಗಳನ್ನು ಅಲ್ಲಿಗೆ ತಂದ ನೋವನ್ನು ನೋಡಿಲ್ಲ.

ಬೈಕಿನ ಚೆಲುವಿನ ಬಗ್ಗೆ ಮಾತಾಡುವವರು ಅತ್ಯಂತ ಹೆಚ್ಚು ಹಳಿಯುವ ಭಾಗ ಇದೇ. ಹೊಸ ಬೈಕು ಬಂದ ಮೊದಲ ವಾರವೇ ಮೆಕಾನಿಕ್ಕನ ಹತ್ತಿರ ಹೋಗಿ ಬಿಚ್ಚಿಸುವವರಿದ್ದಾರೆ. ಪಕ್ಕದಿಂದ ನೋಡಿದರೆ ಗೆರೆ ಕೆಡುತ್ತದಂತೆ. ಗೆರೆ ಕೆಡುವುದು ನಿಜವೇ, ಏಕೆಂದರೆ ಗೆರೆ ಎಳೆದವರು ಅದನ್ನು ಗಣನೆಗೇ ತೆಗೆದುಕೊಂಡಿರುವುದಿಲ್ಲ. ಬೈಕೆಲ್ಲ ಮುಗಿದ ಮೇಲೆ, ಕಾನೂನು ಕೇಳುತ್ತದಲ್ಲ ಎಂದು, ಯಾವುದೋ ಕಂಬಿಯನ್ನು ಬಾಗಿಸಿ ಎರಡು ಬೋಲ್ಟು ಹಾಕಿ ಸಿಕ್ಕಿಸಿದಂತೆ ಅದು ಕಾಣುತ್ತದೆ. ಟ್ಯಾಂಕಿನ ಒಂದು ಬಾಗಿಗೆ ತಿಂಗಳುಗಟ್ಟಲೆ ಜೇಡಿಮಣ್ಣು ತಿದ್ದುವ ಕೈಗಳು ಒಬ್ಬ ಹೆಂಗಸಿನ ಜೀವ ಉಳಿಸುವ ಕಂಬಿಗೆ ಒಂದು ಮಧ್ಯಾಹ್ನವನ್ನಾದರೂ ಕೊಟ್ಟಿವೆಯೇ? ಅದು ವಿಕಾರವಾಗಿರುವುದು ಅದರ ಕೆಲಸದಿಂದಲ್ಲ, ಯಾರೂ ಅದನ್ನು ಪ್ರೀತಿಸಿ ಮಾಡದಿರುವುದರಿಂದ. ಪ್ರೀತಿಸದೆ ಮಾಡಿದ್ದನ್ನು ಕೊನೆಗೆ ಕಿತ್ತು ಎಸೆಯುತ್ತಾರೆ. ಕಿತ್ತು ಎಸೆದ ದಿನ ಚಕ್ರದ ಪಕ್ಕ ಸೆರಗು ಮತ್ತೆ ಹಾರಾಡುತ್ತದೆ.

ಸೈಲೆನ್ಸರಿನ ಕಥೆಯೂ ಇದೇ ದಾರಿಯದು. ಸೈಲೆನ್ಸರ್ ಎಂಬ ಭಾಗವಿರುವುದೇ ಸುತ್ತಲಿನ ಕಿವಿಗಳಿಗಾಗಿ. ಅದನ್ನು ಬಿಚ್ಚಿ ಗುಡುಗುವ ಕೊಳವೆ ಹಾಕಿಸಿಕೊಂಡವರಿಂದ ವಶಪಡಿಸಿಕೊಂಡದ್ದನ್ನು ನಮ್ಮ ಊರುಗಳ ಪೊಲೀಸರು ರೋಡ್ ರೋಲರ್ ಹತ್ತಿಸಿ ಪುಡಿ ಮಾಡಿದ್ದೂ ಉಂಟು. ಅದರ ಬಗ್ಗೆ ಇಷ್ಟು ಸಾಕು.

ಬೇರೆ ದಾರಿ ಇಲ್ಲವೇ ಎಂದರೆ, ಇದೆ. ಅದನ್ನು ಹುಡುಕಿದವರೂ ಇದ್ದಾರೆ. 1998ರಲ್ಲಿ ಜರ್ಮನಿಯ ಮ್ಯೂನಿಕ್ ಮೇಳದಲ್ಲಿ ಇಟಲಿಯ ಡುಕಾಟಿ ಕಂಪನಿ ಎಂಎಚ್900ಇ ಎಂಬ ಕಾನ್ಸೆಪ್ಟ್ ಬೈಕನ್ನು ತೋರಿಸಿತು. ವಿನ್ಯಾಸ ಪಿಯರ್ ಟೆರ್‌ಬ್ಲಾಂಚ್ ಅವರದು. 1978ರಲ್ಲಿ ಮೈಕ್ ಹೇಲ್‌ವುಡ್ ಎಂಬ ಮಹಾ ಸವಾರ ಬಹಳ ವರ್ಷಗಳ ನಂತರ ಮರಳಿ ಬಂದು ಐಲ್ ಆಫ್ ಮ್ಯಾನ್ ರೇಸನ್ನು ಡುಕಾಟಿಯ ಮೇಲೆ ಗೆದ್ದ ನೆನಪಿಗೆ ಮಾಡಿದ್ದು. ಅದೂ ಒಬ್ಬನ ಬೈಕೇ, ರೇಸಿನ ಬೈಕಿನ ನೆನಪಾದ್ದರಿಂದ ಅದು ಸಹಜವೂ ಹೌದು. ಆದರೆ ಆ ಮೊದಲ ಮಾದರಿಯಲ್ಲಿ ಟೆರ್‌ಬ್ಲಾಂಚ್ ಒಂದು ಕೆಲಸ ಮಾಡಿದ್ದರು. ಹಿಂದಕ್ಕೆ ಚಾಚಿದ, ಸೈಲೆನ್ಸರಿನಂತೆ ಕಾಣುವ ಕೊಳವೆಗಳ ತುದಿಯಲ್ಲಿ ಇಂಡಿಕೇಟರ್ ದೀಪಗಳನ್ನು ಇಟ್ಟಿದ್ದರು. ಬಾಲದಲ್ಲಿ ಒಂದು ಪುಟ್ಟ ಕ್ಯಾಮೆರಾ ಇಟ್ಟು, ಹಿಂದೆ ಬರುವವರು ಸವಾರನ ಮುಂದಿನ ಪರದೆಯಲ್ಲಿ ಕಾಣುವಂತೆ ಯೋಚಿಸಿದ್ದರು. 1998ರಲ್ಲಿ! ರೇಖೆಯನ್ನೂ ಬಿಡದೆ ಹಿಂದಿನವನನ್ನೂ ಬಿಡದೆ ಇರಲು ಒಬ್ಬ ಕಲಾವಿದ ಪಟ್ಟ ಶ್ರಮ ಅದು. ಜನರ ಮೆಚ್ಚುಗೆ ನೋಡಿ ಕಂಪನಿ ಅದನ್ನು ತಯಾರಿಸಲು ಒಪ್ಪಿತು. 2000ದ ಜನವರಿ 1ರಂದು ಅಂತರ್ಜಾಲದಲ್ಲಿಯೇ ಬುಕಿಂಗ್ ತೆರೆದು ಒಟ್ಟು 2000 ಬೈಕುಗಳನ್ನು ಮಾರಿತು. ಮಾರಿದ ಬೈಕಿಗೆ ಕ್ಯಾಮೆರಾ ಬರಲಿಲ್ಲ, ಕೊಳವೆಯ ದೀಪಗಳೂ ಬರಲಿಲ್ಲ. ಮಾಮೂಲಿ ಕನ್ನಡಿ, ಮಾಮೂಲಿ ಇಂಡಿಕೇಟರ್ ಬಂದವು. ಕೊಂಡವರಿಗೆ ಕೊರತೆಯೇನೂ ಆಗಲಿಲ್ಲ. ಆದರೂ ಆ ಪ್ರಯತ್ನ ನನಗೆ ಆ ಬೈಕಿನ ಕೆಂಪು ಟ್ಯಾಂಕಿಗಿಂತ ಚೆಲುವಾಗಿ ಕಾಣುತ್ತದೆ.

ಅದೇ ಇಟಲಿಯಲ್ಲಿ, ಯುದ್ಧ ಮುಗಿದ ಮರುವರ್ಷ 1946ರಲ್ಲಿ, ವೆಸ್ಪಾ ಹುಟ್ಟಿದ ರೀತಿಯೂ ನೆನಪಾಗುತ್ತದೆ. ಅದನ್ನು ರೂಪಿಸಿದ ಕೊರಾಡಿನೋ ದಾಸ್ಕಾನಿಯೋ ಹೆಲಿಕಾಪ್ಟರ್ ಕಟ್ಟುತ್ತಿದ್ದ ಎಂಜಿನಿಯರ್. ಮೋಟಾರ್‌ಸೈಕಲ್ ಎಂದರೆ ಅವರಿಗೆ ಇಷ್ಟವಿರಲಿಲ್ಲ: ಕೊಳೆ, ಎಣ್ಣೆ, ಕಾಲೆತ್ತಿ ಹತ್ತುವ ಕಷ್ಟ. ಆದ್ದರಿಂದ ಎಂಜಿನ್ನನ್ನು ಹಿಂದೆ ಮುಚ್ಚಿಟ್ಟು, ಮುಂದೆ ಗುರಾಣಿಯಂಥ ತಗಡು ನಿಲ್ಲಿಸಿ, ನಡುವೆ ಕಾಲಿಡಲು ಸಮತಟ್ಟು ಜಾಗ ಬಿಟ್ಟರು. ಲಂಗ ಉಟ್ಟವರೂ ಕೂರಬಹುದಾಯಿತು. ಯಾರದೋ ಬಟ್ಟೆ ಹಾಳಾಗಬಾರದು ಎಂಬ ಕಾಳಜಿಯಿಂದ ಆರಂಭವಾದ ಆ ಆಕಾರ ಜಗತ್ತು ಕಂಡ ಅತ್ಯಂತ ಚೆಲುವಾದ ವಾಹನಗಳಲ್ಲಿ ಒಂದಾಯಿತು.

ಏಕಾಂತದ ಮಾತನ್ನೂ ಆಡಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ. ಬೈಕು ಓಡಿಸುವವರಲ್ಲಿ ಅನೇಕರು ಅದನ್ನು ಹತ್ತುವುದೇ ಒಬ್ಬರೇ ಇರಲು. ಮನೆಯ ಮಾತು, ಕಚೇರಿಯ ಮಾತು ಎಲ್ಲ ಹಿಂದೆ ಬಿದ್ದು, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಎಂಜಿನ್ನಿನ ಸದ್ದೊಂದೇ ಜೊತೆಗಿರುವ ಹೊತ್ತು ಮನುಷ್ಯನಿಗೆ ಬೇಕು. ಒಂಟಿ ಸೀಟಿನ ಚಿತ್ರ ನಮ್ಮನ್ನು ಸೆಳೆಯುವುದು ಆ ಹಸಿವನ್ನು ಮುಟ್ಟುವುದರಿಂದ. ಆ ಹಸಿವು ಸಾಚಾ. ನಾನು ಒಪ್ಪದಿರುವುದು ಒಂದನ್ನೇ: ಏಕಾಂತಕ್ಕೆ ಹೋಗುವವನು ಇನ್ನೊಬ್ಬರ ಜಾಗವನ್ನು ಇಲ್ಲವಾಗಿಸಿಯೇ ಹೋಗಬೇಕೆಂಬ ಭಾವನೆಯನ್ನು. ಖಾಲಿ ಸೀಟು ಹಿಂದಿದ್ದರೂ ಒಬ್ಬನೇ ಹೋಗಬಹುದು. ದಾರಿಯಲ್ಲಿ ಬಸ್ಸು ತಪ್ಪಿಸಿಕೊಂಡು ನಿಂತ ಮುದುಕರೊಬ್ಬರು ಕೈ ಅಡ್ಡ ಹಿಡಿದರೆ ನಿಲ್ಲಿಸಬಹುದು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಅದು ಇವತ್ತಿಗೂ ನಡೆಯುವ ಸಂಗತಿ.

ಇಲ್ಲಿ ರಾಯಲ್ ಎನ್‌ಫೀಲ್ಡಿನದೇ ಇನ್ನೊಂದು ಬೈಕನ್ನು ನೆನೆಯಬೇಕು. 2021ರಲ್ಲಿ ಅದೇ ಮಿಲಾನ್ ಮೇಳಕ್ಕೆ ಅವರು ಎಸ್‌ಜಿ650 ಎಂಬ ಕಾನ್ಸೆಪ್ಟ್ ತಂದರು. ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ಮಾಡಿದ ಟ್ಯಾಂಕು, ಹಾಗೇ ಕೊರೆದ ಚಕ್ರಗಳು, ಬೆಳ್ಳಿಯಿಂದ ಕಪ್ಪಿಗೆ ಕರಗುವ ಬಣ್ಣ, ಮತ್ತೆ ಒಬ್ಬನದೇ ಸೀಟು. ಇದು ಕೆಎಕ್ಸ್‌ನಂತೆ ಚಿತ್ರವಾಗಿಯೇ ಉಳಿಯಲಿಲ್ಲ. 2024ರ ಆರಂಭದಲ್ಲಿ ಶಾಟ್‌ಗನ್ 650 ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಬಂದಾಗ ಕನ್ನಡಿ ಬಂದಿತ್ತು, ಇಂಡಿಕೇಟರ್ ಬಂದಿತ್ತು, ಮಡ್‌ಗಾರ್ಡ್ ಹಿಗ್ಗಿತ್ತು, ಹಿಂದಿನ ಸೀಟೂ ಬಂದಿತ್ತು; ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದಾದ ಸೀಟು. ಮಿಲಾನಿನ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರಿಗೆ ನಿರಾಸೆಯಾಯಿತು. ಕಾನ್ಸೆಪ್ಟಿನ ಹರಿತ ಹೋಯಿತು, ನೀರು ಬೆರೆಸಿಬಿಟ್ಟರು ಎಂದರು. ಟ್ಯಾಂಕಿನ ಲೋಹದ ಬಗ್ಗೆ, ಬಣ್ಣದ ಬಗ್ಗೆ ಅವರು ಹೇಳಿದ್ದನ್ನು ಒಪ್ಪಬಹುದು. ಆದರೆ ಬೆರೆತದ್ದು ನೀರಲ್ಲ. ಒಬ್ಬ ಮನುಷ್ಯನ ಬೈಕಿಗೆ ರಸ್ತೆಯ ಜನ ಬಂದು ಸೇರಿಕೊಂಡರು, ಅವನ ಬೆನ್ನ ಹಿಂದೆ ಕೂರುವವರು ಬಂದರು. ಆ ಸೀಟಿನ ಉಪಾಯದಲ್ಲಿ ನನಗೆ ಒಂದು ವಿನಯ ಕಾಣುತ್ತದೆ: ಒಂಟಿಯಾಗಿರಲೂ ಬಿಡುತ್ತದೆ, ಬಂದವರಿಗೆ ಇಲ್ಲ ಎನ್ನುವುದಿಲ್ಲ.

ನಾವು ಅಭಿಪ್ರಾಯ ಹೇಳುವವರೂ ಇದರಲ್ಲಿ ಪಾಲುದಾರರೇ. ತಯಾರಕರು ನಮ್ಮ ಮಾತನ್ನು ಕೇಳುತ್ತಾರೆ. ಕಾನ್ಸೆಪ್ಟನ್ನು ಮೇಳಕ್ಕೆ ತರುವುದರಲ್ಲಿ ಆ ಆಸೆಯೂ ಇರುತ್ತದೆ. ಟ್ಯಾಂಕಿನ ಗೆರೆಯನ್ನು ಮಾತ್ರ ಹೊಗಳಿದರೆ ಮುಂದಿನ ವರ್ಷವೂ ಟ್ಯಾಂಕಿನ ಗೆರೆಯೇ ಬರುತ್ತದೆ. ಹಿಂದಿನ ಸೀಟು ಸೇರಿಸಿದ್ದಕ್ಕೆ ಗೊಣಗಿದರೆ ಮುಂದಿನ ಚಿತ್ರದಲ್ಲಿ ಅದನ್ನು ಇನ್ನಷ್ಟು ಒಲ್ಲದ ಮನಸ್ಸಿನಿಂದ ಸೇರಿಸುತ್ತಾರೆ. ನಾನು ನೋಡಿದ ಯಾವ ಕಾನ್ಸೆಪ್ಟ್ ಬೈಕಿನ ಚಿತ್ರದಲ್ಲಿಯೂ ಸೀರೆ ಗಾರ್ಡ್ ಇರಲಿಲ್ಲ. ಸೀರೆ ಉಡುವ ದೇಶದ ಕಂಪನಿಗಳು ತೋರಿಸಿದ ಚಿತ್ರಗಳಲ್ಲಿಯೂ ಇರಲಿಲ್ಲ. ಟ್ಯಾಂಕನ್ನು ತಿದ್ದುವ ಅತ್ಯುತ್ತಮ ಕೈಯೇ ಒಮ್ಮೆ ಅದರಿಂದ ಶುರು ಮಾಡಲಿ. ಪಕ್ಕಕ್ಕೆ ತಿರುಗಿ ಕೂತ ಹೆಂಗಸಿನ ಕಾಲು, ಅವಳ ಸೆರಗು, ಅವಳ ಮಡಿಲಿನ ಮಗು ಎಲ್ಲಿರುತ್ತವೆ ಎಂದು ಮೊದಲು ಬರೆದುಕೊಂಡು, ಎಂಜಿನ್ನು ಚಕ್ರಗಳನ್ನು ಆಮೇಲೆ ಅವುಗಳ ಸುತ್ತ ಕೂರಿಸಲಿ. ಅಂಥ ಬೈಕು ಮಿಲಾನಿನ ವೇದಿಕೆ ಹತ್ತಿದ ದಿನ ನಾನೂ ಗಟ್ಟಿಯಾಗಿ ಹೇಳುತ್ತೇನೆ, ಹೀಗೇ ತಯಾರಿಸಿ ಎಂದು.